ಒಂದು ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಸಹಕಾರಿ ಸಂಘ, ಅಕ್ಷಯ ಕೇಂದ್ರ, ಅಡಿಕೆ ಖರೀದಿಯ ಅಂಗಡಿ, ಶಾಲೆಯ ಲ್ಯಾಬ್ ಎಲ್ಲಿ ನೋಡಿದರೂ ಎರಡು ಲ್ಯಾನ್ ಕೇಬಲ್ ಚುಚ್ಚಿರುವ ಕಂಪ್ಯೂಟರ್ ಒಂದಾದರೂ ಇರುತ್ತದೆ. ಒಂದು ಕೇಬಲ್ ಇಂಟರ್ನೆಟ್ಟಿಗೆ. ಇನ್ನೊಂದು ಒಳಗಿನ ಬಿಲ್ಲಿಂಗ್ ಸರ್ವರ್, ಪ್ರಿಂಟರ್, ಕ್ಯಾಮೆರಾಗಳಿಗೆ. ತೊಂದರೆಗಳೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಬಗೆಯವು. ಕೆಳಗಿನ ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ, ಉಬುಂಟುವಿನದ್ದು ಬೇರೆಯಾಗಿದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಎರಡೂ ಕೇಬಲ್ ಹಾಕಿದರೆ ಇಂಟರ್ನೆಟ್ ನಿಲ್ಲುತ್ತದೆ, ಒಂದನ್ನು ತೆಗೆದರೆ ಬರುತ್ತದೆ. ಕಾರ್ಡ್ ಹಾಳಾಗಿದೆಯೇ?

ಇಲ್ಲ. ಒಂದೊಂದೇ ಹಾಕಿದಾಗ ಎರಡೂ ಕೆಲಸ ಮಾಡುತ್ತವೆ ಎಂದಾದರೆ ಕಾರ್ಡೂ ಕೇಬಲ್ಲೂ ಸರಿ ಇವೆ. ಕೆಟ್ಟಿರುವುದು ಸೆಟ್ಟಿಂಗ್, ಹೆಚ್ಚಿನ ಸಲ ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ದಾಟಿಸುವ ರೂಟರಿನ ವಿಳಾಸ.

ಕಂಪ್ಯೂಟರ್ ತಾನು ಕಳುಹಿಸುವ ಪ್ರತಿ ಪ್ಯಾಕೆಟ್ಟಿನ ವಿಳಾಸವನ್ನು ರೂಟಿಂಗ್ ಟೇಬಲ್ಲಿನಲ್ಲಿ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯಲ್ಲಿ, ಹುಡುಕುತ್ತದೆ. ಒಳಗಿನ ಕಾರ್ಡಿನ ವಿಳಾಸ 192.168.50.20, ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದರೆ, 192.168.50ರಿಂದ ಶುರುವಾಗುವ ವಿಳಾಸಗಳಿಗೆಲ್ಲ ಆ ಕಾರ್ಡಿನಿಂದಲೇ ದಾರಿ. ಅದಕ್ಕೆ ಗೇಟ್‌ವೇ ಬೇಕಾಗಿಯೇ ಇಲ್ಲ. ಟೇಬಲ್ಲಿನಲ್ಲಿ ಎಲ್ಲೂ ಸಿಗದ ವಿಳಾಸ, ಅಂದರೆ ಇಡೀ ಇಂಟರ್ನೆಟ್, ಡಿಫಾಲ್ಟ್ ಗೇಟ್‌ವೇಯತ್ತ ಹೋಗುತ್ತದೆ. ಎರಡು ಕಾರ್ಡಿಗೂ ಗೇಟ್‌ವೇ ಬರೆದಿಟ್ಟರೆ ಟೇಬಲ್ಲಿನಲ್ಲಿ 0.0.0.0 ಎಂಬ ಸಾಲು ಎರಡು ಸಲ ಬರುತ್ತದೆ. ಮೆಟ್ರಿಕ್, ಅಂದರೆ ದಾರಿಯ ಆದ್ಯತೆ ಹೇಳುವ ಅಂಕೆ, ಕಡಿಮೆ ಇರುವುದು ಗೆಲ್ಲುತ್ತದೆ. ಗೆದ್ದದ್ದು ಒಳಗಿನ ಸ್ವಿಚ್ಚಿನ ಕಡೆಯದಾದರೆ ಇಂಟರ್ನೆಟ್ಟಿಗೆ ಹೋಗಬೇಕಾದದ್ದೆಲ್ಲ ದಾರಿಯಿಲ್ಲದ ಕಡೆ ಹೋಗಿ ಸಾಯುತ್ತದೆ. ಮೆಟ್ರಿಕ್ ಎರಡಕ್ಕೂ ಒಂದೇ ಆಗಿದ್ದರಂತೂ ಯಾವುದನ್ನು ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಕೈಕೊಡುವುದು ಹೀಗೆ.

ನಿಯಮ ಒಂದೇ: ಗೇಟ್‌ವೇ ಇಂಟರ್ನೆಟ್ ಬರುವ ಕಾರ್ಡಿಗೆ ಮಾತ್ರ. ಎರಡನೆಯದಕ್ಕೆ ಬರೆಯಲು ಹೊರಟಾಗ ವಿಂಡೋಸ್ ಒಂದು ಎಚ್ಚರಿಕೆ ತೋರಿಸುತ್ತದೆ. ಅದನ್ನು ಓದದೆ ಯೆಸ್ ಒತ್ತಿದವರೇ ಹೆಚ್ಚು.

ಗೇಟ್‌ವೇ ತೆಗೆಯುವುದು ಹೇಗೆ?

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ ಎಂದು ಟೈಪ್ ಮಾಡಿ. ಎರಡು ಕಾರ್ಡೂ ಕಾಣುತ್ತವೆ. ಮೊದಲು ಹೆಸರು ಬದಲಿಸಿ: 'ಈಥರ್ನೆಟ್ 2', 'ಈಥರ್ನೆಟ್ 3' ಎಂದೇ ಬಿಟ್ಟರೆ ಇನ್ನು ಆರು ತಿಂಗಳ ಮೇಲೆ ಯಾವುದು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಇಂಟರ್ನೆಟ್ ಕೇಬಲ್ಲನ್ನು ಎಳೆಯಿರಿ, ಯಾವುದರ ಮೇಲೆ ಕೆಂಪು ಗುರುತು ಬಂತೋ ಅದಕ್ಕೆ 'ನೆಟ್' ಎಂದೂ ಇನ್ನೊಂದಕ್ಕೆ 'ಆಫೀಸ್' ಎಂದೂ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಕನ್ನಡದಲ್ಲೂ ಇಡಬಹುದು, ಆದರೆ ಆಮೇಲೆ ಕಮಾಂಡ್ ಕೊಡುವಾಗ ಕಿರಿಕಿರಿ. ಕೇಸಿನ ಹಿಂಭಾಗದಲ್ಲೂ ಎರಡು ಚೀಟಿ ಅಂಟಿಸಿ.

ಈಗ 'ಆಫೀಸ್' ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್ ಇರಲಿ. ಡಿಫಾಲ್ಟ್ ಗೇಟ್‌ವೇ ಜಾಗ ಖಾಲಿ ಮಾಡಿ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ (ಡಿಎನ್‌ಎಸ್) ಸರ್ವರ್ ಒಳಗಡೆ ಬೇರೆ ಇಲ್ಲದಿದ್ದರೆ ಡಿಎನ್‌ಎಸ್ ಜಾಗವೂ ಖಾಲಿ ಇರಲಿ. ಅಡ್ವಾನ್ಸ್ಡ್ ಒತ್ತಿ 'ಆಟೊಮ್ಯಾಟಿಕ್ ಮೆಟ್ರಿಕ್' ಟಿಕ್ ತೆಗೆದು 100 ಎಂದು ಬರೆಯಿರಿ. 'ನೆಟ್' ಕಾರ್ಡಿಗೆ ಇದೇ ಜಾಗದಲ್ಲಿ 10 ಕೊಡಿ.

ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ

ರೂಟ್ ಪ್ರಿಂಟ್ -4

ಎಂದು ಕೊಟ್ಟು ನೋಡಿ. 0.0.0.0 ಎಂದು ಶುರುವಾಗುವ ಸಾಲು ಒಂದೇ ಇರಬೇಕು. ಕೆಳಗೆ 'ಪರ್ಸಿಸ್ಟೆಂಟ್ ರೂಟ್ಸ್' ಎಂಬಲ್ಲೂ ನೋಡಿ; ಹಿಂದೆ ಯಾರೋ ಸೇರಿಸಿ ಮರೆತ ದಾರಿ ಅಲ್ಲಿ ಉಳಿದಿರುತ್ತದೆ.

ಒಳಗಿನ ಕಾರ್ಡಿಗೆ ವಿಳಾಸ ತಾನಾಗಿ ಬರುವಂತೆ ಇಟ್ಟಿದ್ದರೆ ಗೇಟ್‌ವೇ ಕೂಡ ಅದರ ಜೊತೆಗೇ ಬಂದು ಕೂರುತ್ತದೆ, ಅಳಿಸಲಾಗದು. ಆಗ ವಿಳಾಸವನ್ನು ಕೈಯಿಂದ ಬರೆಯುವುದೇ ನೇರ ದಾರಿ. ಬರೆಯುವ ವಿಳಾಸ ಒಳಗಿನ ರೂಟರ್ ತಾನಾಗಿ ಹಂಚುವ ವ್ಯಾಪ್ತಿಯಿಂದ ಹೊರಗಿರಲಿ. ಗೇಟ್‌ವೇ ತೆಗೆದ ಮೇಲೂ ಕೆಲವು ತಾಣಗಳು ಮಾತ್ರ ತಡವರಿಸಿದರೆ ರೂಟ್ ಪ್ರಿಂಟ್ -6 ಕೊಟ್ಟು ನೋಡಿ. ಒಳಗಿನ ರೂಟರ್ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ದಾರಿ ಸಾರುತ್ತಿದ್ದರೆ ಇನ್ನೊಂದು ಡಿಫಾಲ್ಟ್ ದಾರಿ ಅಲ್ಲಿ ಅಡಗಿರುತ್ತದೆ.

ಗೇಟ್‌ವೇ ಒಂದೇ ಇದೆ. ಆದರೂ ಒಳಗಿನ ಪ್ರಿಂಟರ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ.

ಎರಡು ಕಡೆಯೂ ಒಂದೇ ಸಬ್‌ನೆಟ್, ಅಂದರೆ ಒಂದೇ ಸರಣಿಯ ವಿಳಾಸ, ಇದೆಯೇ ನೋಡಿ. ಫೈಬರ್ ಮೋಡೆಮ್‌ಗಳಲ್ಲಿ ಬಹಳಷ್ಟು 192.168.1.1 ಎಂಬ ವಿಳಾಸದಲ್ಲೇ ಬರುತ್ತವೆ. ಒಳಗಡೆ ಹಾಕಿದ ವೈಫೈ ರೂಟರಿನದ್ದೂ ಹಲವು ಸಲ ಅದೇ. ಹಿಕ್‌ವಿಷನ್ ಕ್ಯಾಮೆರಾ 192.168.1.64ರಲ್ಲಿ, ದಾಹುವಾ 192.168.1.108ರಲ್ಲಿ ಕಾರ್ಖಾನೆಯಿಂದ ಬರುತ್ತದೆ. ಬೆರಳಚ್ಚು ಹಾಜರಿ ಯಂತ್ರಗಳಲ್ಲಿ 192.168.1.201 ಸಾಮಾನ್ಯ. ಎಲ್ಲರೂ 192.168.1ರಲ್ಲೇ. ಕಂಪ್ಯೂಟರಿಗೆ ಆಗ 192.168.1.64 ಎಡಗಡೆಯೋ ಬಲಗಡೆಯೋ ತಿಳಿಯುವುದಿಲ್ಲ.

ಮೆಟ್ರಿಕ್ ತಿದ್ದಿ ಇದನ್ನು ಸರಿಮಾಡಲು ಹೋಗಬೇಡಿ. ಒಂದು ಕಡೆಯ ಸಬ್‌ನೆಟ್ ಬದಲಿಸಲೇಬೇಕು. ಬದಲಿಸುವುದು ಒಳಗಿನ ಕಡೆಯದ್ದನ್ನು, ಯಾಕೆಂದರೆ ಮೋಡೆಮ್ ಬದಲಾಯಿಸಿದ ದಿನ ಕೇಬಲ್‌ನವರು ಮತ್ತೆ 192.168.1.1 ಇರುವುದನ್ನೇ ತಂದಿಡುತ್ತಾರೆ. 192.168.50 ಅಥವಾ 10.77.5ರಂತೆ ಯಾರೂ ಸಾಮಾನ್ಯವಾಗಿ ಬಳಸದ ಅಂಕೆ ಆರಿಸಿ. 192.168.0, 192.168.1, 192.168.137 ಬೇಡ.

ಬದಲಿಸುವ ಕ್ರಮವೂ ಮುಖ್ಯ. ಮೊದಲು ಕ್ಯಾಮೆರಾ, ಪ್ರಿಂಟರ್, ಹಾಜರಿ ಯಂತ್ರ, ಕೊನೆಗೆ ರೂಟರ್ ಮತ್ತು ಈ ಕಂಪ್ಯೂಟರ್. ರೂಟರನ್ನೇ ಮೊದಲು ಬದಲಿಸಿದರೆ ಉಳಿದವು ಹಳೆ ಸಬ್‌ನೆಟ್ಟಿನಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿಬಿದ್ದರೆ 'ನೆಟ್' ಕೇಬಲ್ ತೆಗೆದಿಟ್ಟು, 'ಆಫೀಸ್' ಕಾರ್ಡಿಗೆ ತಾತ್ಕಾಲಿಕವಾಗಿ 192.168.1.250 ಕೊಟ್ಟು, ಅವನ್ನು ಒಂದೊಂದಾಗಿ ತೆರೆಯಬಹುದು.

ನಮ್ಮ ಶಾಖೆಯಿಂದ ಮುಖ್ಯ ಕಚೇರಿಯ ಸರ್ವರಿಗೂ ಒಳಗಿನ ಕಾರ್ಡಿನಿಂದಲೇ ಹೋಗಬೇಕು. ಗೇಟ್‌ವೇ ತೆಗೆದರೆ ಅದು ನಿಲ್ಲುತ್ತದಲ್ಲ?

ನಿಲ್ಲುತ್ತದೆ. ಅದಕ್ಕೆಂದೇ ಸ್ಥಿರ ದಾರಿ ಸೇರಿಸಬೇಕು. ಮುಖ್ಯ ಕಚೇರಿಯ ವಿಳಾಸಗಳು 10.20ರಿಂದ ಶುರುವಾಗುತ್ತವೆ, ಅಲ್ಲಿಗೆ ಒಯ್ಯುವ ಒಳಗಿನ ರೂಟರ್ 192.168.50.1 ಎಂದಿಟ್ಟುಕೊಳ್ಳಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

ರೂಟ್ -ಪಿ ಆ್ಯಡ್ 10.20.0.0 ಮಾಸ್ಕ್ 255.255.0.0 192.168.50.1

-ಪಿ ಬಿಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ದಾರಿ ಮಾಯ. ಮಾಸ್ಕ್ ತಪ್ಪಾದರೆ 'ಪ್ಯಾರಾಮೀಟರ್ ಈಸ್ ಇನ್‌ಕರೆಕ್ಟ್' ಎನ್ನುತ್ತದೆ: 10.20.0.0ಕ್ಕೆ 255.255.0.0 ಹೊಂದುತ್ತದೆ, 10.20.5.0 ಬರೆದು ಅದೇ ಮಾಸ್ಕ್ ಕೊಟ್ಟರೆ ಹೊಂದುವುದಿಲ್ಲ. ಅಳಿಸಲು ರೂಟ್ ಡಿಲೀಟ್ 10.20.0.0. ಪರೀಕ್ಷಿಸಲು ಟ್ರೇಸ್‌ರೂಟ್, ವಿಂಡೋಸಿನಲ್ಲಿ ಅದರ ಹೆಸರು ಟ್ರೇಸರ್‌ಟಿ:

ಟ್ರೇಸರ್‌ಟಿ -ಡಿ 10.20.0.5

ಮೊದಲ ಸಾಲಿನಲ್ಲಿ 192.168.50.1 ಬಂದರೆ ಈ ಕಂಪ್ಯೂಟರಿನ ಕೆಲಸ ಮುಗಿಯಿತು. ಅದರಾಚೆ ನಿಂತರೆ ಮುಖ್ಯ ಕಚೇರಿಯವರಿಗೆ ಹೇಳಬೇಕು. 192.168.1.1 ಬಂದರೆ ದಾರಿ ಸೇರಿಲ್ಲ.

ಸಂಘದ ವಿಪಿಎನ್ (ಇಂಟರ್ನೆಟ್ ಮೂಲಕ ಸಂಘದ ನೆಟ್‌ವರ್ಕಿಗೆ ಒಯ್ಯುವ ಖಾಸಗಿ ಸಂಪರ್ಕ) ಹಾಕಿದಾಗ ಮಾತ್ರ ಹೀಗೆ ಕೆಡುತ್ತದೆ ಎಂದಾದರೆ, ವಿಪಿಎನ್ ಕೂಡ ಒಂದು ನೆಟ್‌ವರ್ಕ್ ಕಾರ್ಡಿನಂತೆಯೇ ಬಂದು ತನ್ನದೇ ಡಿಫಾಲ್ಟ್ ದಾರಿ ಹಾಕಿರುತ್ತದೆ. ಅದು ಬೇಕೆಂದೇ ಮಾಡಿದ್ದೂ ಇರಬಹುದು. ಅದನ್ನು ಕೊಟ್ಟವರನ್ನು ಕೇಳದೆ ಬದಲಿಸಬೇಡಿ.

'ಅನ್‌ಐಡೆಂಟಿಫೈಡ್ ನೆಟ್‌ವರ್ಕ್' ಎಂದು ಬರುತ್ತದೆ. ಪಕ್ಕದ ಕಂಪ್ಯೂಟರಿನಿಂದ ಇದರ ಫೋಲ್ಡರ್ ತೆರೆಯುವುದಿಲ್ಲ.

ಗೇಟ್‌ವೇ ತೆಗೆದದ್ದರ ಫಲ ಇದು. ವಿಂಡೋಸ್ ಒಂದು ನೆಟ್‌ವರ್ಕನ್ನು ಗುರುತಿಸುವುದು ಅದರ ಗೇಟ್‌ವೇ ನೋಡಿ. ಗೇಟ್‌ವೇ ಇಲ್ಲದ ಕಡೆಯನ್ನು ಗುರುತಿಲ್ಲದ್ದೆಂದು ಬಗೆದು 'ಪಬ್ಲಿಕ್' ಪಟ್ಟಿಗೆ ಹಾಕುತ್ತದೆ, ಫೈರ್‌ವಾಲ್ ಬಾಗಿಲು ಮುಚ್ಚುತ್ತದೆ. ಇದಕ್ಕೆಂದು ಗೇಟ್‌ವೇ ವಾಪಸ್ ಹಾಕುವವರಿದ್ದಾರೆ. ಹಾಕಿದರೆ ಮೊದಲ ಪ್ರಶ್ನೆಗೆ ಮರಳಿದಂತಾಯಿತು.

ವಿಂಡೋಸ್ ಪ್ರೊ ಆಗಿದ್ದರೆ ಎಸ್‌ಇಸಿಪಿಒಎಲ್.ಎಂಎಸ್‌ಸಿ ತೆರೆದು, 'ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್ ಪಾಲಿಸೀಸ್' ಒಳಗೆ 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್ಸ್' ಎಂಬುದನ್ನು 'ಪ್ರೈವೇಟ್' ಮಾಡಿ. ಪವರ್‌ಶೆಲ್ಲಿನಿಂದ ಒಮ್ಮೆಗೆ ಪ್ರೈವೇಟ್ ಮಾಡಬಹುದಾದರೂ ರೀಸ್ಟಾರ್ಟ್ ಆದ ಮೇಲೆ ಹಳೆಯದಕ್ಕೇ ಮರಳಬಹುದು. ಹೋಮ್ ಆವೃತ್ತಿಯಲ್ಲಿ ಈ ಪಾಲಿಸಿಯ ಕಿಟಕಿ ಇಲ್ಲ. ಅಲ್ಲಿ ಫೈರ್‌ವಾಲಿನ ಅಡ್ವಾನ್ಸ್ಡ್ ಸೆಟ್ಟಿಂಗಿಗೆ ಹೋಗಿ, ಇನ್‌ಬೌಂಡ್ ರೂಲ್‌ಗಳಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಎಂದಿರುವ, ಪಬ್ಲಿಕ್‌ಗೆ ಸೇರಿದ ಸಾಲುಗಳನ್ನು ಎನೇಬಲ್ ಮಾಡಿ, ಸ್ಕೋಪ್‌ನಲ್ಲಿ ರಿಮೋಟ್ ವಿಳಾಸವನ್ನು 192.168.50.0/24 ಎಂದು ಬಿಗಿಗೊಳಿಸಿ. ಫೈರ್‌ವಾಲನ್ನೇ ಆಫ್ ಮಾಡುವುದು ಸುಲಭ, ಆದರೆ ಈ ಕಂಪ್ಯೂಟರಿನ ಇನ್ನೊಂದು ಕಾಲು ಇಂಟರ್ನೆಟ್ಟಿನಲ್ಲಿದೆ.

'ನೆಟ್' ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಟಿಕ್ ತೆಗೆದುಬಿಡಿ. ಪಕ್ಕದವರು ಕಂಪ್ಯೂಟರ್ ಹೆಸರಿನಿಂದ ಕರೆದಾಗ ಅವರಿಗೆ ಹೊರಗಿನ ಕಾರ್ಡಿನ ವಿಳಾಸ ಸಿಕ್ಕಿ ಪೇಚಾಡುವುದೂ ಇದೆ. ಹೆಸರಿನ ಬದಲು \\192.168.50.20 ಎಂದೇ ಶಾರ್ಟ್‌ಕಟ್ ಮಾಡಿಕೊಟ್ಟರೆ ಆ ಜಗಳ ಮುಗಿಯಿತು.

ಯಾರೂ ಏನೂ ಬದಲಿಸಿಲ್ಲ. ನಿನ್ನೆಯವರೆಗೆ ಒಂದು ಲೈನಿನಲ್ಲಿ ಹೋಗುತ್ತಿದ್ದದ್ದು ಇಂದು ಇನ್ನೊಂದರಲ್ಲಿ ಹೋಗುತ್ತಿದೆ.

ಮೆಟ್ರಿಕ್ ಆಟೊಮ್ಯಾಟಿಕ್ ಆಗಿದ್ದರೆ ಕೇಬಲ್ ಪರೀಕ್ಷಿಸಿ. ಸಂಬಂಧವಿಲ್ಲದಂತೆ ತೋರಿದರೂ ಇದೆ. ವಿಂಡೋಸ್ ಆಟೊಮ್ಯಾಟಿಕ್ ಮೆಟ್ರಿಕ್ಕನ್ನು ಲಿಂಕಿನ ವೇಗ ನೋಡಿ ಕೊಡುತ್ತದೆ: 1 ಗಿಗಾಬಿಟ್ ಲಿಂಕಿಗೆ 25, 100 ಮೆಗಾಬಿಟ್ಟಿಗೆ 35. ಕೇಬಲ್ಲಿನ ಒಂದು ತಂತಿ ಸಡಿಲವಾದರೆ ಗಿಗಾಬಿಟ್ ಲಿಂಕ್ 100ಕ್ಕೆ ಇಳಿಯುತ್ತದೆ, ಯಾಕೆಂದರೆ ಗಿಗಾಬಿಟ್ಟಿಗೆ ನಾಲ್ಕು ಜೋಡಿಯೂ ಬೇಕು, 100ಕ್ಕೆ 1, 2, 3, 6ನೇ ಪಿನ್ನುಗಳ ಎರಡು ಜೋಡಿ ಸಾಕು. ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ ಕೂಡ ಬರುತ್ತಿರುತ್ತದೆ. ಆದರೆ ಆ ಕಾರ್ಡಿನ ಮೆಟ್ರಿಕ್ 35ಕ್ಕೆ ಏರಿ ಇನ್ನೊಂದು ಕಾರ್ಡಿನ 25 ಮುಂದಾಗುತ್ತದೆ. ಮೆಟ್ರಿಕ್ಕನ್ನು ಕೈಯಿಂದಲೇ ಬರೆಯಲು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಲಿಂಕಿನ ವೇಗ ನೋಡಲು ಪವರ್‌ಶೆಲ್ಲಿನಲ್ಲಿ ಗೆಟ್-ನೆಟ್‌ಅಡಾಪ್ಟರ್ ಎಂದು ಕೊಡಿ. ಮೆಟ್ರಿಕ್ ನೋಡಲು ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಶೋ ಇಂಟರ್‌ಫೇಸಸ್.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಕಡಲ ಗಾಳಿಯೂ ಸೇರುವ ಈ ಜಿಲ್ಲೆಯಲ್ಲಿ ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು ಬಹಳ ಬೇಗ. ಅಗ್ಗದ ಕೇಬಲ್ಲಿನ ಒಳಗಿರುವುದು ತಾಮ್ರವಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕ್ರಿಂಪ್ ಮಾಡಿದ ಜಾಗದಲ್ಲಿ ಅದು ಮುರಿಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ, ತುದಿ ಕೆರೆದು ನೋಡಿ: ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅಲ್ಯೂಮಿನಿಯಂ. ಹೊಸ ಪ್ಲಗ್ ಹಾಕುವಾಗ ಎರಡು ತುದಿಗೂ ಒಂದೇ ಕ್ರಮ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಒಟ್ಟು ಉದ್ದ 100 ಮೀಟರ್ ಮೀರಬಾರದು.

ಎರಡು ಕಂಪೆನಿಯ ಇಂಟರ್ನೆಟ್ ಎರಡು ಕಾರ್ಡಿಗೆ ಹಾಕಿದರೆ ಒಂದು ಹೋದಾಗ ಇನ್ನೊಂದು ತಾನಾಗಿ ಬರುವುದಿಲ್ಲವೇ?

ಕೇಬಲ್ ಕಿತ್ತುಬಂದರೆ ಅಥವಾ ಮೋಡೆಮ್ ಆರಿದರೆ ಬರುತ್ತದೆ; ಲಿಂಕ್ ಬಿದ್ದಾಗ ಆ ಕಾರ್ಡಿನ ದಾರಿಯೂ ಟೇಬಲ್ಲಿನಿಂದ ಹೋಗುತ್ತದೆ. ಆದರೆ ಮೋಡೆಮ್ ಇನ್ವರ್ಟರಿನಲ್ಲಿ ಉರಿಯುತ್ತಿದ್ದು ಅದರಾಚೆ ಫೈಬರ್ ತುಂಡಾಗಿದ್ದರೆ ಕಂಪ್ಯೂಟರಿನ ಮಟ್ಟಿಗೆ ಲಿಂಕ್ ಇನ್ನೂ ಇದೆ. ವಿಂಡೋಸ್ ಆಗ ಬದಲಾಗುತ್ತದೆಂದು ನಂಬಿ ಕೂರುವಂತಿಲ್ಲ. ಮೋಡೆಮ್ಮಿನಲ್ಲಿ 'ಲಾಸ್' ದೀಪ ಕೆಂಪಾಗಿದ್ದರೆ ಇದೇ ಸಂಗತಿ: 'ನೆಟ್' ಕಾರ್ಡನ್ನು ಡಿಸೇಬಲ್ ಮಾಡಿ, ಎರಡನೆಯದು ಕೆಲಸ ಹಿಡಿಯುತ್ತದೆ.

ಎರಡು ಲೈನ್ ನಿಜಕ್ಕೂ ಬೇಕಾದವರು ಕಂಪ್ಯೂಟರಿನಲ್ಲಿ ಎರಡು ಕಾರ್ಡ್ ಹಾಕುವ ಬದಲು ಎರಡು ವ್ಯಾನ್ (ಇಂಟರ್ನೆಟ್ ಲೈನ್ ಚುಚ್ಚುವ) ಪೋರ್ಟ್ ಇರುವ ರೂಟರ್ ಕೊಳ್ಳುವುದು ಒಳ್ಳೆಯದು. ಅದು ಹೊರಗಿನ ಒಂದು ವಿಳಾಸವನ್ನು ಆಗಾಗ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳಿ) ನೋಡಿ ಲೈನ್ ಬದಲಿಸುತ್ತದೆ. ಆ ರೂಟರಿನಲ್ಲಿ 'ಲೋಡ್ ಬ್ಯಾಲೆನ್ಸ್' (ಎರಡೂ ಲೈನನ್ನು ಒಟ್ಟಿಗೆ ಬಳಸುವುದು) ಬೇಡ, 'ಫೇಲ್ಓವರ್' (ಒಂದು ಹೋದಾಗ ಮಾತ್ರ ಇನ್ನೊಂದು) ಇಡಿ. ಲೋಡ್ ಬ್ಯಾಲೆನ್ಸ್ ಇಟ್ಟರೆ ಬ್ಯಾಂಕಿನ, ಸರಕಾರಿ ಪೋರ್ಟಲ್ಲಿನ ತಾಣಗಳಿಗೆ ನಡುವೆಯೇ ನಿಮ್ಮ ಹೊರಗಿನ ವಿಳಾಸ ಬದಲಾದಂತೆ ಕಂಡು ಲಾಗಿನ್ ಹೊರಹಾಕುವುದುಂಟು.

ಇನ್ನೊಂದು ಮಾತು. 2023ರ ಜೂನ್ 5ರಂದು ಉದ್ಘಾಟನೆಯಾದ ಕೆಫೋನ್ (ಕೇರಳ ಸರಕಾರದ ಇಂಟರ್ನೆಟ್ ಜಾಲ) ಫೈಬರ್ ಬರುವುದು ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಂಬಗಳ ಮೇಲೆ. ಊರಿನ ಕೇಬಲ್‌ನವರ ಫೈಬರ್ ಕೂಡ ಹೆಚ್ಚಾಗಿ ಅವೇ ಕಂಬಗಳ ಮೇಲೆ. ಪತ್ತನಾಜೆ (ಮೇ ಕೊನೆ) ಕಳೆದ ಮೇಲಿನ ಗಾಳಿಗೆ ಒಂದು ಮರ ಆ ಲೈನಿನ ಮೇಲೆ ಬಿದ್ದರೆ ಎರಡು ಬಿಲ್ಲು ಕಟ್ಟಿಯೂ ಪ್ರಯೋಜನವಿಲ್ಲ. ಎರಡನೆಯ ಲೈನ್ ಮೊಬೈಲ್ ನೆಟ್‌ವರ್ಕಿನದ್ದಾಗಿರಲಿ: ಸಿಮ್ ಹಾಕುವ 4ಜಿ ರೂಟರ್, ಅದಿಲ್ಲದಿದ್ದರೆ ಯುಎಸ್‌ಬಿ ಕೇಬಲ್ಲಿನಿಂದ ಫೋನ್. ಟೆದರಿಂಗ್ ಹಾಕಿದ ಫೋನ್ ಕೂಡ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡೇ.

ಎರಡು 100 ಎಂಬಿಪಿಎಸ್ ಲೈನ್ ಸೇರಿಸಿದರೆ 200 ಆಗುತ್ತದೆಯೇ?

ಇಲ್ಲ. ಒಂದು ಡೌನ್‌ಲೋಡ್ ಒಂದು ಲೈನಿನಲ್ಲೇ ಹೋಗುತ್ತದೆ.

ಎರಡು ಲೈನಿನಲ್ಲಿ ಯಾವುದು ಕೆಟ್ಟಿದೆ ಎಂದು ಕೇಬಲ್ ಕೀಳದೆ ತಿಳಿಯುವುದು ಹೇಗೆ?

ಎರಡಕ್ಕೂ ಗೇಟ್‌ವೇ ಇರುವಲ್ಲಿ, ಯಾವ ಕಾರ್ಡಿನಿಂದ ಹೊರಡಬೇಕೆಂದು ಪಿಂಗ್‌ಗೆ ಹೇಳಬಹುದು:

ಪಿಂಗ್ -ಎಸ್ 192.168.1.20 8.8.8.8

ಎಸ್ ದೊಡ್ಡಕ್ಷರ. ಮೊದಲ ವಿಳಾಸ ನಿಮ್ಮ ಕಾರ್ಡಿನದ್ದು, ಎರಡನೆಯದು ಗೂಗಲಿನ ಸರ್ವರಿನದ್ದು. ಇನ್ನೊಂದು ಕಾರ್ಡಿನ ವಿಳಾಸ ಕೊಟ್ಟು ಮತ್ತೆ ಮಾಡಿ. ಗೇಟ್‌ವೇ ಇಲ್ಲದ ಕಾರ್ಡಿನಿಂದ ಹೀಗೆ ಪಿಂಗ್ ಮಾಡಿದರೆ ಉತ್ತರ ಬಾರದಿರುವುದೇ ಸರಿ. ಅದನ್ನು ನೋಡಿ ಗಾಬರಿ ಬೇಡ.

8.8.8.8 ಪಿಂಗ್ ಆಗುತ್ತದೆ, ತಾಣಗಳು ಮಾತ್ರ ತೆರೆಯುವುದಿಲ್ಲ.

ಯಾವ ತಾಣವೂ ತೆರೆಯದಿದ್ದರೆ ಡಿಎನ್‌ಎಸ್. ವಿಂಡೋಸ್ ಒಂದಕ್ಕಿಂತ ಹೆಚ್ಚು ಕಾರ್ಡಿನ ಡಿಎನ್‌ಎಸ್ ಸರ್ವರುಗಳನ್ನು ಕೇಳುತ್ತದೆ. ಒಳಗಿನ ಕಾರ್ಡಿಗೆ ಹಳೆಯ, ಈಗ ಸತ್ತಿರುವ ಸರ್ವರಿನ ವಿಳಾಸ ಬರೆದಿದ್ದರೆ ತಡ, ತಪ್ಪು ಉತ್ತರ ಕೊಡುವ ಸರ್ವರ್ ಇದ್ದರೆ ಇನ್ನೂ ಕಷ್ಟ. ಎನ್‌ಎಸ್‌ಲುಕಪ್ ಕಮಾಂಡ್ ಕೊಟ್ಟಾಗ ಮೇಲ್ಗಡೆ ಯಾವ ಸರ್ವರಿನ ವಿಳಾಸ ಬರುತ್ತದೆ ನೋಡಿ. ಒಳಗಿನದ್ದಾದರೆ ಆ ಕಾರ್ಡಿನ ಡಿಎನ್‌ಎಸ್ ಖಾಲಿ ಮಾಡಿ, ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ.

ಕೆಲವು ತಾಣ ಸಲೀಸಾಗಿ ತೆರೆದು ಕೆಲವು ಅರ್ಧಕ್ಕೆ ನಿಂತರೆ ಅದು ಬೇರೆ ರೋಗ. ಫೈಬರ್ ಲೈನ್‌ಗಳಲ್ಲಿ ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಕ್ರಮ) ಬಳಕೆಯಿದ್ದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ (ಎಂಟಿಯು) 1500 ಬೈಟ್ ಅಲ್ಲ, 1492. ಪರೀಕ್ಷೆ ಹೀಗೆ:

ಪಿಂಗ್ -ಎಫ್ -ಎಲ್ 1464 8.8.8.8

ಇಲ್ಲಿ ಎಫ್, ಎಲ್ ಎರಡೂ ಸಣ್ಣಕ್ಷರ. 1464ಕ್ಕೆ ಹೆಡರಿನ 28 ಸೇರಿ 1492. ಇದು ಹೋಗಿ 1472 ಹೋಗದಿದ್ದರೆ 'ನೆಟ್' ಕಾರ್ಡಿನ ಎಂಟಿಯುವನ್ನು 1492ಕ್ಕೆ ಇಳಿಸಿ:

ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್‌ಫೇಸ್ "ನೆಟ್" ಎಂಟಿಯು=1492 ಸ್ಟೋರ್=ಪರ್ಸಿಸ್ಟೆಂಟ್

ಮೋಡೆಮ್ ಬ್ರಿಜ್ ಆಗಿದ್ದು ಕಂಪ್ಯೂಟರೇ ಡಯಲ್ ಮಾಡುವ ಕಡೆ ಡಿಫಾಲ್ಟ್ ದಾರಿ ಕಾರ್ಡಿನ ಮೇಲಿರುವುದಿಲ್ಲ, ಡಯಲ್ ಮಾಡಿದ ಸಂಪರ್ಕದ ಮೇಲಿರುತ್ತದೆ.

ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದೆ. ಅಲ್ಲಿ ಹೇಗೆ?

ಕೇರಳದ ಶಾಲೆಗಳಿಗೆ ಕೈಟ್ (ಶಾಲಾ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಡುವ ಸಿಸ್ಟಮ್ ಉಬುಂಟು ಆಧಾರಿತವಾದ್ದರಿಂದ ಸಾಮಾನ್ಯ ಉಬುಂಟುವಿನ ಕ್ರಮವೇ ನಡೆಯುತ್ತದೆ. ಟರ್ಮಿನಲ್ಲಿನಲ್ಲಿ ಐಪಿ ರೂಟ್ ಎಂದು ಕೊಟ್ಟರೆ 'ಡಿಫಾಲ್ಟ್' ಎಂದು ಶುರುವಾಗುವ ಸಾಲುಗಳು ಕಾಣುತ್ತವೆ. ಮೊದಲ ಲ್ಯಾನ್ ಕಾರ್ಡಿಗೆ ಮೆಟ್ರಿಕ್ 100, ಎರಡನೆಯದಕ್ಕೆ 101, ವೈಫೈಗೆ 600. ಯಾವುದು ಮೊದಲು ಎದ್ದಿತೋ ಅದಕ್ಕೆ 100 ಸಿಗಬಹುದು, ಹಾಗಾಗಿ ಇದನ್ನೂ ಅದರ ಪಾಡಿಗೆ ಬಿಡಬಾರದು. ಮೆಟ್ರಿಕ್ 20100 ಎಂದು ದೊಡ್ಡದಾಗಿ ಕಂಡರೆ ಅದು ದೋಷವಲ್ಲ: ಸಂಪರ್ಕ ಪರೀಕ್ಷೆ ಚಾಲೂ ಇದ್ದಲ್ಲಿ, ಇಂಟರ್ನೆಟ್ ಸಿಗದ ಕಾರ್ಡಿಗೆ ನೆಟ್‌ವರ್ಕ್‌ಮ್ಯಾನೇಜರ್ 20000 ದಂಡ ಹಾಕಿ ಹಿಂದೆ ಸರಿಸಿರುತ್ತದೆ. ಈ ಒಂದು ವಿಷಯದಲ್ಲಿ ಉಬುಂಟು ವಿಂಡೋಸಿಗಿಂತ ಜಾಣ.

ಒಳಗಿನ ಕಾರ್ಡಿಗೆ ಸೆಟ್ಟಿಂಗ್ಸ್, ನೆಟ್‌ವರ್ಕ್, ಆ ಕಾರ್ಡಿನ ಗೇರ್ ಗುರುತು, ಐಪಿವಿ4 ಪುಟದ ಕೊನೆಗೆ 'ಯೂಸ್ ದಿಸ್ ಕನೆಕ್ಷನ್ ಓನ್ಲಿ ಫಾರ್ ರಿಸೋರ್ಸಸ್ ಆನ್ ಇಟ್ಸ್ ನೆಟ್‌ವರ್ಕ್' ಎಂಬುದಕ್ಕೆ ಟಿಕ್ ಹಾಕಿದರೆ ಆಯಿತು. ವಿಳಾಸ ತಾನಾಗಿ ಬಂದರೂ ಗೇಟ್‌ವೇಯನ್ನು ಅದು ತೆಗೆದುಕೊಳ್ಳುವುದಿಲ್ಲ. ಟಿಕ್ ಹಾಕಿ ಕಾರ್ಡನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು, ಇಲ್ಲದಿದ್ದರೆ ಹಳೆಯ ದಾರಿಯೇ ಇರುತ್ತದೆ.

ಒಂದು ಕಂಪ್ಯೂಟರಿನ ಇಂಟರ್ನೆಟ್ಟನ್ನು ಉಳಿದವಕ್ಕೆ ಹಂಚಲು ಒಳಗಿನ ಕಾರ್ಡಿನ ಐಪಿವಿ4ನಲ್ಲಿ 'ಶೇರ್ಡ್ ಟು ಅದರ್ ಕಂಪ್ಯೂಟರ್ಸ್' ಆರಿಸಿ. ಆ ಕಾರ್ಡಿಗೆ 10.42.0.1 ಬರುತ್ತದೆ, ಲ್ಯಾಬಿನ ಉಳಿದವಕ್ಕೆ 10.42.0 ಸರಣಿಯ ವಿಳಾಸ ಹೋಗುತ್ತದೆ. ಅದೇ ಸ್ವಿಚ್ಚಿಗೆ ವೈಫೈ ರೂಟರಿನ ಲ್ಯಾನ್ ಕೇಬಲ್ ಕೂಡ ಚುಚ್ಚಿದ್ದರೆ ಇಬ್ಬರೂ ವಿಳಾಸ ಹಂಚತೊಡಗುತ್ತಾರೆ. ಅರ್ಧ ಮಕ್ಕಳ ಕಂಪ್ಯೂಟರಿನಲ್ಲಿ ಇಂಟರ್ನೆಟ್, ಉಳಿದರ್ಧದಲ್ಲಿ ಇಲ್ಲ ಎಂಬ ದೂರು ಬಂದರೆ ಇದನ್ನೇ ಮೊದಲು ನೋಡಿ.

ಹೊಸ ಕಾರ್ಡ್ ಸೇರಿಸಿದ ಮೇಲೆ ಹಳೆಯ ಕಾರ್ಡಿನ ಹೆಸರೇ ಬದಲಾಗುವುದು ಉಬುಂಟುವಿನ ವಿಚಿತ್ರ. ಇಎನ್‌ಪಿ3ಎಸ್0 ಎಂಬುದರಲ್ಲಿ 3 ಎಂದರೆ ಪಿಸಿಐ ಬಸ್ಸಿನ ಸಂಖ್ಯೆ. ನಡುವೆ ಹೊಸ ಕಾರ್ಡ್ ಬಂದರೆ ಆ ಸಂಖ್ಯೆ ಸರಿದು ಇಎನ್‌ಪಿ4ಎಸ್0 ಆಗಬಹುದು. ಹಳೆಯ ಹೆಸರಿಗೆ ಕಟ್ಟಿದ ಸೆಟ್ಟಿಂಗ್ ಆಗ ಅನಾಥ. ಪ್ರೊಫೈಲನ್ನು ಹೆಸರಿನ ಬದಲು ಮ್ಯಾಕ್ ವಿಳಾಸಕ್ಕೆ (ಕಾರ್ಡಿನಲ್ಲೇ ಇರುವ ಗುರುತಿನ ಸಂಖ್ಯೆ) ಕಟ್ಟಿ. ಯಾವ ಹೆಸರು ಯಾವ ಪೋರ್ಟ್ ಎಂದು ತಿಳಿಯಲು ಸುಡೊ ಈಥ್‌ಟೂಲ್ -ಪಿ ಎಂದು ಬರೆದು ಕಾರ್ಡಿನ ಹೆಸರು ಕೊಟ್ಟರೆ, ಆ ಸೌಲಭ್ಯವಿರುವ ಕಾರ್ಡಿನ ದೀಪ ಮಿನುಗುತ್ತದೆ.

ವಿಂಡೋಸಿನಿಂದ ಇಂಟರ್ನೆಟ್ ಹಂಚಿದ್ದೇವೆ. ರೀಸ್ಟಾರ್ಟ್ ಆದಾಗಲೆಲ್ಲ ನಿಲ್ಲುತ್ತದೆ.

ವಿಂಡೋಸ್ 10ರಿಂದ ಈಚೆಗೆ ಇರುವ ತೊಂದರೆ. ರಿಜಿಸ್ಟ್ರಿಯಲ್ಲಿ ಎಚ್‌ಕೆಇವೈ_ಲೋಕಲ್_ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಶೇರ್ಡ್‌ಆಕ್ಸೆಸ್ ಎಂಬಲ್ಲಿಗೆ ಹೋಗಿ. ಕೊನೆಯ ಕೀ ಇಲ್ಲದಿದ್ದರೆ ಮಾಡಿಕೊಳ್ಳಿ. ಅದರೊಳಗೆ ಎನೇಬಲ್‌ರೀಬೂಟ್‌ಪರ್ಸಿಸ್ಟ್‌ಕನೆಕ್ಷನ್ ಎಂಬ ಡಿವರ್ಡ್ ಬೆಲೆ 1 ಕೊಡಿ. ಸರ್ವಿಸಸ್‌ನಲ್ಲಿ 'ಇಂಟರ್ನೆಟ್ ಕನೆಕ್ಷನ್ ಶೇರಿಂಗ್' ಅನ್ನು ಆಟೊಮ್ಯಾಟಿಕ್ ಮಾಡಿ. ಹಂಚಿಕೆ ಆನ್ ಮಾಡಿದ ಕೂಡಲೇ ಒಳಗಿನ ಕಾರ್ಡಿನ ವಿಳಾಸ 192.168.137.1 ಆಗಿಬಿಡುತ್ತದೆ. ನೀವು ಬರೆದಿಟ್ಟ 192.168.50.20 ಹೋಗಿ ಪ್ರಿಂಟರೂ ಕಾಣದಾಗುವುದು ಅದಕ್ಕೇ. ದಿನವಿಡೀ ಹತ್ತು ಜನ ಬಳಸುವ ಕಡೆ ಈ ಹಂಚಿಕೆಗಿಂತ ಒಂದು ಸಾದಾ ರೂಟರ್ ಮೇಲು.

ಹಂಚುತ್ತೇವೆಂದು ಎರಡು ಕಾರ್ಡನ್ನೂ ಒಟ್ಟಿಗೆ ಆರಿಸಿ 'ಬ್ರಿಜ್ ಕನೆಕ್ಷನ್ಸ್' ಒತ್ತಬೇಡಿ. ಒಳಗಿನದ್ದೂ ಹೊರಗಿನದ್ದೂ ಒಂದೇ ನೆಟ್‌ವರ್ಕ್ ಆಗುತ್ತದೆ. ಎರಡೂ ಕೇಬಲ್ ಒಂದೇ ಸ್ವಿಚ್ಚಿಗೆ ಹೋಗಿದ್ದರೆ ಪ್ಯಾಕೆಟ್ಟುಗಳು ಸುತ್ತುತ್ತಾ ಇಡೀ ಕಚೇರಿ ಸ್ತಬ್ಧವಾಗಬಹುದು.

ವಿಳಾಸ 169.254 ಎಂದು ಬರುತ್ತದೆ.

ಆ ಕಾರ್ಡಿಗೆ ವಿಳಾಸ ಕೊಡುವವರು ಯಾರೂ ಸಿಗಲಿಲ್ಲವೆಂದು ಅರ್ಥ. ಕೇಬಲ್, ಸ್ವಿಚ್ಚಿನ ಕರೆಂಟು, ರೂಟರ್ ಈ ಕ್ರಮದಲ್ಲಿ ನೋಡಿ. ಸ್ವಿಚ್ ಮಾತ್ರ ಇರುವ, ರೂಟರ್ ಇಲ್ಲದ ಒಳಗಿನ ನೆಟ್‌ವರ್ಕಿನಲ್ಲಿ ವಿಳಾಸವನ್ನು ಕೈಯಿಂದಲೇ ಬರೆಯಬೇಕು.

ಸಿಡಿಲು ಬಂದ ಮೇಲೆ ಒಂದು ಕಾರ್ಡ್ ಸತ್ತಿದೆ.

ಏಪ್ರಿಲ್-ಮೇ ಮತ್ತು ತುಲಾ ತಿಂಗಳ ಸಂಜೆಗಳಲ್ಲಿ ಇದು ಸಾಮಾನ್ಯ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ಅದನ್ನು ಹೊತ್ತ ಉಕ್ಕಿನ ತಂತಿಯಲ್ಲೂ ಮೋಡೆಮ್ಮಿನ ಅಡಾಪ್ಟರಿನಲ್ಲೂ ಹರಿಯುತ್ತದೆ. ಎಲ್ಲಕ್ಕಿಂತ ಅಪಾಯ, ಕಚೇರಿಯಿಂದ ಗೋದಾಮಿಗೋ ಗೇಟಿನ ಕ್ಯಾಮೆರಾಗೋ ಹೊರಗಡೆ ಎಳೆದ ತಾಮ್ರದ ಲ್ಯಾನ್ ಕೇಬಲ್. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಇಟ್ಟರೆ ಆ ದಾರಿ ಮುಚ್ಚುತ್ತದೆ. ಗುಡುಗು ಶುರುವಾದಾಗ ಕರೆಂಟಿನ ಪ್ಲಗ್ ಮಾತ್ರ ಎಳೆದರೆ ಸಾಲದು, ಲ್ಯಾನ್ ಕೇಬಲ್ಲೂ ಎರಡು ಬೆರಳು ದೂರ ಇರಲಿ ಎಂದು ಬಿಡದೆ ಪೂರ್ತಿ ತೆಗೆದು ಬದಿಗಿಡಿ.

ಸತ್ತದ್ದು ಮದರ್‌ಬೋರ್ಡಿನ ಪೋರ್ಟ್ ಆಗಿದ್ದರೆ ಬಯಾಸ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ. ಅರೆಜೀವದ ಚಿಪ್ ಆಗಾಗ ಲಿಂಕ್ ತೋರಿಸಿ ಕಾಡುತ್ತದೆ. ಬದಲಿಗೆ ಪಿಸಿಐಇ ಎಕ್ಸ್1 ಗಿಗಾಬಿಟ್ ಕಾರ್ಡ್ ಕೊಳ್ಳಿ. ತೆಳು ಕೇಸಿನ ಕಂಪ್ಯೂಟರಾದರೆ ಗಿಡ್ಡ ಬ್ರಾಕೆಟ್ ಜೊತೆಗಿದೆಯೇ ಕೇಳಿ. 2.5 ಗಿಗಾಬಿಟ್ಟಿನ ರಿಯಲ್‌ಟೆಕ್ 8125 ಚಿಪ್ ಹಳೆಯ ಉಬುಂಟುವಿನಲ್ಲಿ ಕಾಣದಿರಬಹುದು, ಕರ್ನಲ್ 5.4ರಿಂದ ಈಚೆಗೆ ಅದಕ್ಕೆ ಡ್ರೈವರ್ ಇದೆ.

ಕಾರ್ಡ್ ಬದಲಿಸಿದ ಮೇಲೆ ಹಳೆಯ ವಿಳಾಸ ಕೊಟ್ಟರೆ 'ಇನ್ನೊಂದು ಅಡಾಪ್ಟರಿಗೆ ಈಗಾಗಲೇ ಕೊಡಲಾಗಿದೆ' ಎನ್ನುತ್ತದೆ.

ಸತ್ತ ಕಾರ್ಡಿನ ನೆನಪು ವಿಂಡೋಸಿನಲ್ಲಿ ಉಳಿದಿದೆ. ಡಿವೈಸ್ ಮ್ಯಾನೇಜರ್, ವ್ಯೂ, 'ಶೋ ಹಿಡನ್ ಡಿವೈಸಸ್'. ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ಮಸುಕಾಗಿ ಕಾಣುವ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ. ಯುಎಸ್‌ಬಿ ಲ್ಯಾನ್ ಅಡಾಪ್ಟರನ್ನು ಬೇರೆ ಪೋರ್ಟಿಗೆ ಚುಚ್ಚಿದಾಗಲೂ ಇದೇ ಆಗಬಹುದು: ಸೀರಿಯಲ್ ನಂಬರ್ ಇಲ್ಲದ ಅಡಾಪ್ಟರ್ ಹೊಸ ಪೋರ್ಟಿನಲ್ಲಿ ಹೊಸ ಕಾರ್ಡೆಂದೇ ಲೆಕ್ಕ, ಬರೆದಿಟ್ಟ ವಿಳಾಸ ಹಳೆಯದರ ಜೊತೆಗೇ ಉಳಿಯುತ್ತದೆ. ಹೊಸ ಕಾರ್ಡಿನ ಮ್ಯಾಕ್ ವಿಳಾಸ ಬೇರೆ, ಹಾಗಾಗಿ ಮ್ಯಾಕ್‌ಗೆ ಕಟ್ಟಿದ ಇಂಟರ್ನೆಟ್ ಲೈನ್ ಅಥವಾ ಸಾಫ್ಟ್‌ವೇರ್ ಲೈಸೆನ್ಸ್ ಇದ್ದರೆ ಅವರಿಗೂ ತಿಳಿಸಬೇಕು.

ಸ್ವಲ್ಪ ಹೊತ್ತು ಸುಮ್ಮನಿದ್ದರೆ ಒಂದು ಕಾರ್ಡ್ ಮಲಗುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದ ಮೊದಲ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಪುಟದಲ್ಲಿ 'ಎನರ್ಜಿ ಎಫಿಶಿಯೆಂಟ್ ಈಥರ್ನೆಟ್', 'ಗ್ರೀನ್ ಈಥರ್ನೆಟ್' ಎರಡನ್ನೂ ಆಫ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೂ ಹೋಗದ ತೊಂದರೆ ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆಯೇ? ಹಾಗಾದರೆ 'ಫಾಸ್ಟ್ ಸ್ಟಾರ್ಟಪ್' ಕಾರಣ, ಅದನ್ನು ಆಫ್ ಮಾಡಿ. ಅದು ಚಾಲೂ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ.

'ನೆಟ್‌ವರ್ಕ್ ರೀಸೆಟ್' ಒತ್ತಿಬಿಡಬಹುದೇ?

ಒಂದೇ ಕಾರ್ಡಿನ ಮನೆ ಕಂಪ್ಯೂಟರಿಗೆ ಸರಿ. ಎರಡು ಕಾರ್ಡಿನದ್ದರಲ್ಲಿ ಕೈಯಿಂದ ಬರೆದ ವಿಳಾಸ, ಮೆಟ್ರಿಕ್, ಇಟ್ಟ ಹೆಸರು ಎಲ್ಲ ಅಳಿಸಿಹೋಗುತ್ತದೆ. ವಿಪಿಎನ್ ಸಾಫ್ಟ್‌ವೇರನ್ನು ಮತ್ತೆ ಹಾಕಬೇಕಾಗಬಹುದು. ಒತ್ತಲೇಬೇಕೆಂದಿದ್ದರೆ ಮೊದಲು ಐಪಿಕಾನ್ಫಿಗ್ /ಆಲ್ ಮತ್ತು ರೂಟ್ ಪ್ರಿಂಟ್ ಎರಡರ ಉತ್ತರವನ್ನೂ ಫೋನಿನಲ್ಲಿ ಫೋಟೊ ತೆಗೆದಿಡಿ. ರೀಸೆಟ್ ಆದ ಮೇಲೆ ಎರಡೂ ಕಾರ್ಡು ತಾನಾಗಿ ವಿಳಾಸ ಪಡೆಯತೊಡಗುತ್ತವೆ, ಒಳಗಡೆ ರೂಟರ್ ಇದ್ದರೆ ಗೇಟ್‌ವೇ ಮತ್ತೆ ಎರಡಾಗಿರುತ್ತದೆ.